ಹಾಲೆಂಡಿನ ಸಭೆಯಲ್ಲಿ ಓದದೆ ಉಳಿದ ಬಸ್ಸಿನ ಶ್ಲೋಕ

ಸುರಪುರ

ನನ್ನ ಮೊಮ್ಮಗಳು ಶಾಹೀನ್ ಸಂಸ್ಕೃತದಲ್ಲಿ ಡಾಕ್ಟರ್ ಆಗಿದ್ದಾಳೆ. ಎಲ್ಲಿಂದ ಶುರು ಮಾಡಿದರೂ ನನ್ನ ಮಾತು ಹೊರಳಿ ಬಂದು ಇಲ್ಲಿಗೇ ನಿಲ್ಲುತ್ತದೆ, ಅದಕ್ಕೇ ಮೊದಲು ಅದನ್ನೇ ಬರೆದೆ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಓದಿನ ಡಾಕ್ಟರ್. ಬಾಜಾರಿನಲ್ಲಿ ಇಬ್ಬರು ಮೂವರು ಆಗಲೇ ಮಂಡಿ ನೋವು ತೋರಿಸಲು ಅವಳು ಊರಿಗೆ ಯಾವಾಗ ಬರುತ್ತಾಳೆಂದು ಕೇಳಿದ್ದಾರೆ. ಕೇಳಲಿ. ನನಗೆ ಅದೂ ಸಂತೋಷವೇ.

ಆ ಸಂತೋಷವನ್ನು ಕಣ್ಣಿಂದ ನೋಡಲಿಕ್ಕೆ ನಾನು ಹಾಲೆಂಡ್ ದೇಶಕ್ಕೆ ಹೋಗಿ ಬಂದೆ. ನೋಡಿಯೂ ಬಂದೆ. ಆದರೆ ಬರುವಾಗ ಇನ್ನೊಂದು ಭಾರವನ್ನೂ ಹೊತ್ತು ಬಂದೆ. ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಇದನ್ನು ಬರೆಯಲು ಕೂತಿದ್ದೇನೆ. ನನ್ನ ಓದು ಕನ್ನಡ ಸಾಲೆಯ ನಾಲ್ಕನೇ ಕ್ಲಾಸಿಗೆ ಮುಗಿದದ್ದು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿರಿ.

ನಮ್ಮದು ಬಳೆ ಮಾರುವ ಮನೆತನ. ಮನೆಯಲ್ಲಿ ದಖ್ಖನಿ ಮಾತು, ಬಾಜಾರಿನಲ್ಲಿ ಕನ್ನಡ. ಸಂಸ್ಕೃತ ನಮ್ಮ ಹೊಸ್ತಿಲು ದಾಟಿ ಬಂದದ್ದು ಮಾರ್ಕಿನ ಆಸೆಗೆ. ಹೈಸ್ಕೂಲಿನಲ್ಲಿ ಸಂಸ್ಕೃತ ತಗೊಂಡರೆ ಕಣ್ಣು ಮುಚ್ಚಿ ಬರೆದರೂ ಮಾರ್ಕು ಬೀಳುತ್ತದೆ ಎಂದು ಯಾರೋ ನನ್ನ ಮಗಳಿಗೆ ಹೇಳಿದರು, ಮಗಳು ಹುಡುಗಿಯನ್ನು ಅದಕ್ಕೆ ಹಾಕಿದಳು. ಮಾರ್ಕಿಗೆ ಬಂದ ಉಳಿದ ಹುಡುಗರು ಮಾರ್ಕು ಸಿಕ್ಕ ಕೂಡಲೇ ಬಿಟ್ಟು ಹೋದರು. ನಮ್ಮವಳು ಬಿಡಲಿಲ್ಲ. ಕಲಿಸುವವರು ನರಹರಿ ಮಾಸ್ತರು. ಅವರ ಮನೆ ನನಗೆ ಮೊದಲಿನಿಂದ ಗೊತ್ತು. ಪ್ರತಿ ಪಂಚಮಿಗೆ ಅವರ ಹೆಂಡತಿಗೆ ಬಳೆ ಇಡಿಸಲು ಹೋಗುತ್ತಿದ್ದೆ. ಆ ತಾಯಿ ಈಗಿಲ್ಲ.

ಮಾಸ್ತರು ತಾವೂ ಸಂಸ್ಕೃತದಲ್ಲಿ ಶ್ಲೋಕ ಕಟ್ಟುವವರು. ದೇವರ ಮೇಲಲ್ಲ. ಕರೆಂಟು ಹೋದಾಗ ನಿಲ್ಲುವ ಪಂಖದ ಮೇಲೆ, ತೊಗರಿ ಚೀಲದ ಮೇಲೆ ಮಲಗುವ ಬೆಕ್ಕಿನ ಮೇಲೆ, ಹೀಗೆ. ಅದರಲ್ಲಿ ಒಂದು ಬಸ್ಸಿನ ಶ್ಲೋಕ. ಶಾಹೀನ್ ನನಗೆ ಅರ್ಥ ಹೇಳಿದ್ದಳು. ಯಾದಗಿರಿಯಿಂದ ಸುರಪುರಕ್ಕೆ ಬರುವ ಮಧ್ಯಾಹ್ನದ ಬಸ್ಸು. ಒಳಗೆ ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಮಲಗಿದ್ದಾರೆ. ಬೆಳಿಗ್ಗೆ ಜಗಳಾಡಿದ ಬೀಗರೂ ಒಬ್ಬರ ಮೇಲೊಬ್ಬರು ಒರಗಿದ್ದಾರೆ. ಕಿಟಕಿಯಾಚೆ ಶಹಾಪುರದ ಗುಡ್ಡದ ಸಾಲು ಬುದ್ಧ ಮಲಗಿದ ಹಾಗೆಯೇ ಕಾಣುತ್ತದಲ್ಲ, ಆ ಬುದ್ಧನೂ ಮಲಗಿದ್ದಾನೆ. ಲೋಕವೆಲ್ಲ ಸುಖವಾಗಿ ಮಲಗಲಿ, ಡ್ರೈವರಣ್ಣಾ, ನೀನೊಬ್ಬ ಎಚ್ಚರ ಇರಪ್ಪಾ!

ಶಾಹೀನ್ ಹಾಲೆಂಡಿಗೆ ಹೋಗಿ ಓದಿದ್ದು ದಾರಿಯ ವಿಷಯ. ಸಂಸ್ಕೃತದಲ್ಲಿ ಹಳೆಯ ಕಾಲದವರು ಪ್ರಯಾಣವನ್ನು ಹೇಗೆ ಹೇಳಿದರು, ರಥದಲ್ಲಿ ಹೋದವರು ಏನು ಕಂಡರು, ನಡೆದು ಹೋದವರು ಏನು ಕಂಡರು, ಆಮೇಲೆ ರೈಲು ಬಂದಾಗ ಏನು ಬರೆದರು, ಇವತ್ತಿನವರು ಏನು ಬರೆಯುತ್ತಾರೆ ಎಂದು. ಸಂಸ್ಕೃತದಲ್ಲಿ ಇವತ್ತಿಗೂ ಬರೆಯುವವರಿದ್ದಾರೆ ಅಂದರೆ ಅಲ್ಲಿ ಬಹಳ ಜನ ನಂಬುವುದಿಲ್ಲವಂತೆ. ಆ ಓದಿಗಾಗಿ ಅವಳು ಬರೆದ ಪುಸ್ತಕದ ಕೊನೆಯ ಭಾಗದಲ್ಲಿ ನಮ್ಮ ಮಾಸ್ತರ ಬಸ್ಸು ಇದೆ.

ಅವಳಿಗೆ ಪದವಿ ಕೊಡುವ ಸಭೆ ನೋಡಲು ಹೊರಡುವ ಮುಂಚೆ, ಹೇಳಿ ಬರಲು ಮಾಸ್ತರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು.

"ಮಾಸ್ತರ, ನಿಮ್ಮ ಶ್ಲೋಕ ಅಲ್ಲಿ ದೊಡ್ಡ ಸಭಾದಾಗ ಓದ್ತಾಳಂತ್ರಿ."

"ಓದಲಿ. ರಾಬಿಯಾಬಿ, ನೀ ಹೋಗಾಕತ್ತೀಯಲ್ಲ, ಒಂದು ಕೆಲಸ ಮಾಡು. ಹೊಗಳಿದ್ರೋ ಬಿಟ್ರೋ, ಅದು ನನಗ ಬ್ಯಾಡ. ಕೊನಿ ಸಾಲಿಗಿ ಬಂದಾಗ ಯಾರರೆ ನಗ್ತಾರೇನು ನೋಡು."

"ನಕ್ಕರ ನಿಮಗ ಸಿಟ್ಟು ಬರಂಗಿಲ್ಲೇನ್ರಿ?"

"ನಗಲಿ ಅಂತೇ ಬರದೀನಿ, ಹುಚ್ಚಿ! ಇಲ್ಲಿ ತಿಳಿಯೋರು ನಗಂಗಿಲ್ಲ, ನಗೋರಿಗಿ ತಿಳಿಯಂಗಿಲ್ಲ. ಪಂಡಿತರ ಮುಂದ ಓದಿದ್ರ ಬಸ್ಸು ಕಾವ್ಯಕ್ಕ ಬರಂಗಿಲ್ಲ ಅಂದ್ರು. ಸಾಲಿ ಹುಡುಗರ ಮುಂದ ಓದಿದ್ರ ಅರ್ಥ ಹೇಳ್ರಿ ಸರ್ ಅಂದ್ವು. ಅರ್ಥ ಹೇಳಿದ ಮ್ಯಾಲ ನಗೋದು ನಗೀನೇ ಅಲ್ಲ. ತಿಳದು ನಗೋರು ಒಬ್ಬರರೆ ಅದಾರೇನು, ನೋಡ್ಕೊಂಡು ಬಾ."

ಅಷ್ಟೇ ಅವರು ಕೇಳಿದ್ದು. ಫೋನಿನಲ್ಲಿ ಅವರಿಗೆ ಕೇಳಿಸುವುದಿಲ್ಲ, ಅದಕ್ಕೆ ಬಂದು ಎದುರಿಗೆ ಕೂತು ಹೇಳುತ್ತೇನೆಂದು ಮಾತು ಕೊಟ್ಟೆ.

ಶಹಾಪುರದ ದಾರಿ

ಪಂಚಮಿ ಹತ್ತಿರ ಬಂದಿತ್ತು. ಬಳೆಯವರಿಗೆ ಅದೇ ಸುಗ್ಗಿ. ಮಗಳು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ, ಹೋದರೆ ನಾನೊಬ್ಬಳೇ. ಹೈದರಾಬಾದಿನ ತನಕ ಅಳಿಯ ಖಾಜಾ ಜೊತೆಗೆ ಬಂದ.

ಬಸ್ಸಿನಲ್ಲಿ ಶ್ಲೋಕದಲ್ಲಿ ಹೇಳಿದಂತೆಯೇ ಎಲ್ಲರೂ ಮಲಗಿದ್ದರು. ಖಾಜಾ ಕಂಡಕ್ಟರನ ಚೀಲದ ಮೇಲೆ ತಲೆಯಿಟ್ಟಿದ್ದ. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಸಂತೋಷ ಒಳಗೆ ಕುದಿಯುವಾಗ ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ. ಪಕ್ಕದಲ್ಲಿ ದೇವಾಪುರದ ಕಡೆಯ ಒಬ್ಬಾಕೆ ಬಾಯಿ ತೆರೆದು ಮಲಗಿದ್ದಳು. ಎಬ್ಬಿಸಿದೆ.

"ಯವ್ವಾ, ಗುಡ್ಡ ಬಂತು ನೋಡು, ಬುದ್ಧ ಮಲಗ್ಯಾನ."

"ಅವ ದಿನಾ ಮಲಗ್ತಾನ. ನನಗೂ ಮಲಗಾಕ ಬಿಡು."

"ನಾ ಹಾಲೆಂಡಿಗಿ ಹೊಂಟೀನಿ. ನನ್ನ ಮೊಮ್ಮಗಳು ಸಂಸ್ಕೃತದಾಗ ಡಾಕ್ಟರ್ ಆಗಾಕತ್ಯಾಳ."

ಆಕೆ ಪೂರಾ ಕಣ್ಣು ತೆರೆದಳು. "ಹಾಲೆಂಡ್ ಎಲ್ಲಿ ಬರ್ತದ? ಸೊಲ್ಲಾಪುರದ ಆಕಡಿ ಏನು?"

"ಅದಕ್ಕಿಂತ ಆಕಡಿ."

"ಯಪ್ಪಾ!" ಎಂದು ನನ್ನ ಕೈ ಹಿಡಿದುಕೊಂಡಳು. ಶಹಾಪುರದಲ್ಲಿ ಇಳಿಯುವ ತನಕ ಬಿಡಲಿಲ್ಲ. ಇಳಿಯುವಾಗ ಸೀರೆಯ ಸೆರಗಿನಲ್ಲಿದ್ದ ಒಂದು ಹಿಡಿ ಶೇಂಗಾ ನನ್ನ ಮಡಿಲಿಗೆ ಹಾಕಿ, "ದೂರ ಹೊಂಟೀದಿ, ಹಸ್ತೀ" ಅಂದಳು. ಹೆಸರೂ ಕೇಳಲಿಲ್ಲ ನಾನು.

ಯಾದಗಿರಿ ಸ್ಟೇಷನ್ನಿನಿಂದ ಗಾಲಿಕುರ್ಚಿಯ ತನಕ

ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದೆವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಖಾಜಾ ನಿಂತುಬಿಟ್ಟ, ಮುಂದೆ ಅವನಿಗೆ ಬರಗೊಡುವುದಿಲ್ಲ. ಶಾಹೀನ್ ಮೊದಲೇ ಫೋನಿನಲ್ಲಿ ಹೇಳಿದ್ದಳು. "ನಾನಿ, ಗಾಲಿಕುರ್ಚಿ ಬೇಕಂತ ಬರಸೀನಿ. ಸುಮ್ಮ ಕೂಡು. ಅವರೇ ವಿಮಾನದ ತನಕ ತಳ್ಕೊಂಡು ಹೋಗ್ತಾರ, ದಾರಿ ತಪ್ಪಂಗಿಲ್ಲ." ನನ್ನ ಕಾಲಿಗೇನು ಧಾಡಿ? ಬಳೆಯ ಮಲಾರ ಹೊತ್ತು ವನದುರ್ಗದ ತನಕ ನಡೆದ ಕಾಲು. ಆದರೂ ಕೂತೆ. ನೋಡಿದರೆ ಅಲ್ಲಿ ಒಂದು ಸಾಲು ಗಾಲಿಕುರ್ಚಿ, ಎಲ್ಲದರಲ್ಲೂ ನನ್ನಂಥ ಅಜ್ಜ ಅಜ್ಜಿಯರು, ಎಲ್ಲರ ಕಾಲೂ ಗಟ್ಟಿ. ಒಬ್ಬ ತೆಲುಗು ಅಜ್ಜಿ ಚಹಾದ ಅಂಗಡಿ ಕಂಡ ಕೂಡಲೇ ಎದ್ದು ಎಲ್ಲರಿಗಿಂತ ಮುಂದೆ ಹೋಗಿ ಚಹಾ ತಂದು, ಮತ್ತೆ ಕೂತು ಮುಖ ಸಪ್ಪಗೆ ಮಾಡಿಕೊಂಡಳು. ನನ್ನ ಕಡೆ ನೋಡಿದಳು. ಇಬ್ಬರೂ ನಗು ತಡೆಯಲು ಸೆರಗು ಬಾಯಿಗೆ ಹಿಡಿದೆವು.

ವಿಮಾನದ ವರ್ಣನೆ ಬೇಡ. ಅದು ಬಸ್ಸಿಗಿಂತ ಇಕ್ಕಟ್ಟು, ಕಿಟಕಿ ತೆರೆಯುವ ಹಾಗಿಲ್ಲ.

ಹಾಲೆಂಡಿನಲ್ಲಿ ಇಳಿದಾಗ ತಾಳೆಮರದಷ್ಟು ಎತ್ತರದ ಒಬ್ಬ ಹುಡುಗ ನನ್ನನ್ನು ತಳ್ಳಿಕೊಂಡು ಹೊರಗೆ ತಂದ. ಗಾಜಿನ ಬಾಗಿಲಾಚೆ ಶಾಹೀನ್ ಕಂಡಳು. ಎಷ್ಟು ವರ್ಷದ ಮೇಲೆ! ನಾನು ಕುರ್ಚಿಯಲ್ಲಿದ್ದೇನೆ ಎನ್ನುವುದೇ ಮರೆತೆ. ಚಂಗನೆ ಇಳಿದು ಓಡಿದೆ. ಅವಳ ತಲೆಯ ಮೇಲಿಂದ ಎರಡೂ ಕೈ ಇಳಿಸಿ, ನನ್ನ ಕಿವಿಯ ಹತ್ತಿರ ಒತ್ತಿ ನೆಟಿಗೆ ಮುರಿದೆ. ಹತ್ತೂ ಬೆರಳು ಲಟಲಟ ಅಂದವು. ನಿಮಗೆ ಗೊತ್ತೇ ಇದೆ, ಎಷ್ಟು ಜೋರಾಗಿ ಸಪ್ಪಳ ಬರುತ್ತದೋ ಅಷ್ಟು ದೃಷ್ಟಿ ತಗಲಿತ್ತು ಎಂದು ಲೆಕ್ಕ. ನಮ್ಮ ಮಾತಿನಲ್ಲಿ ಬಲಾಯಿ ತೆಗೆಯುವುದು ಅನ್ನುತ್ತೇವೆ. ಅವಳ ಮೇಲೆ ಬಂದದ್ದು ನನ್ನ ಮೇಲೆ ಬರಲಿ ಎಂದು ಅರ್ಥ.

ಆ ಎತ್ತರದ ಹುಡುಗ ಖಾಲಿ ಕುರ್ಚಿ ಹಿಡಿದು ಬಾಯಿ ತೆರೆದು ನಿಂತಿದ್ದ. ಏನೋ ಅಂದ. ಶಾಹೀನ್ ನಗುತ್ತಾ ಹೇಳಿದಳು, "ಈ ಊರಿನ ಗಾಳಿಗಿ ನಿಮ್ಮ ಅಜ್ಜಿಗಿ ಕಾಲು ಬಂದ್ವು ಅಂತಾನ, ನಾನಿ."

ಪರದೆ ಇಲ್ಲದ ಊರು

ಶಾಹೀನ್ ಇರುವ ಊರಿನಲ್ಲಿ ಓಣಿ ಓಣಿಗೆ ನೀರಿನ ಕಾಲುವೆ. ಅದು ದೊಡ್ಡದಲ್ಲ. ದೊಡ್ಡದೇನೆಂದರೆ ಅಲ್ಲಿ ಕಿಟಕಿಗೆ ಪರದೆ ಇಲ್ಲ. ಬಾಗಿಲಿಗೆ ಪರದೆ ತೂಗದ ಮನೆ ನಮ್ಮಲ್ಲಿ ಮನೆಯೇ ಅಲ್ಲ. ಅಲ್ಲಿ ಆಳೆತ್ತರದ ಗಾಜು, ಒಳಗೆ ದೀಪ, ಜನ ಉಣ್ಣುವುದು, ಹೊಲಿಯುವುದು, ಗಂಡ ಹೆಂಡತಿ ಮುನಿಸಿಕೊಂಡು ಬೇರೆ ಬೇರೆ ಕುರ್ಚಿಯಲ್ಲಿ ಕೂತದ್ದು, ಎಲ್ಲವೂ ಬೀದಿಗೆ ಕಾಣುತ್ತದೆ. ನಾನು ನಿಂತು ನೋಡಿದೆ. ಶಾಹೀನ್ ಕೈ ಎಳೆದಳು.

"ನಕ್ಕೋ ನಾನಿ, ಬ್ಯಾಡ! ಇಲ್ಲಿ ಯಾರೂ ನೋಡಂಗಿಲ್ಲ."

"ನೋಡಬಾರದಂದ್ರ ಯಾಕ ತೆರದಿಟ್ಟಾರ?"

"ನೋಡಿದ್ರ ಏನೂ ಸಿಗಂಗಿಲ್ಲ ಅಂತ ತೋರ್ಸಾಕ."

ನನಗೆ ತಿಳಿಯಲಿಲ್ಲ. ಆದರೆ ಒಂದು ತಿಳಿಯಿತು, ಈ ಜನಕ್ಕೆ ದೃಷ್ಟಿಯ ಹೆದರಿಕೆ ಇಲ್ಲ.

ಇನ್ನೊಂದು ವಿಚಿತ್ರ. ಯಾರ ಹುಟ್ಟಿದ ದಿನ ಯಾವಾಗ ಎನ್ನುವ ಕ್ಯಾಲೆಂಡರನ್ನು ಅವರು ಪಾಯಖಾನೆಯ ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿ ದಿನಾ ಕೂಡುತ್ತೇವಲ್ಲ, ಮರೆಯುವುದಿಲ್ಲವಂತೆ. ನಾವಿದ್ದ ಮನೆಯ ಒಡತಿಯ ತಮ್ಮನ ಹುಟ್ಟುಹಬ್ಬಕ್ಕೆ ನಮ್ಮನ್ನೂ ಕೆಳಗೆ ಕರೆದರು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರು ಹುಟ್ಟಿದವನಿಗೆ ಮಾತ್ರ ಕೈ ಕೊಡುವುದಿಲ್ಲ, ಅವನ ಅಕ್ಕನಿಗೆ, ಅಕ್ಕನ ಗಂಡನಿಗೆ, ದುಂಡಗೆ ಕೂತ ಎಲ್ಲರಿಗೂ ಕೈ ಕೊಟ್ಟು ಮುಬಾರಕ್ ಹೇಳುತ್ತಾರೆ. ನನಗೂ ಹೇಳಿದರು! ನಾನೇನು ಹೆತ್ತಿದ್ದೆನೇ ಅವನನ್ನು? ಒಬ್ಬರ ಸಂತೋಷ ಎಲ್ಲರದು ಎಂದು ಲೆಕ್ಕ ಇರಬೇಕು. ಇದು ನಮ್ಮಲ್ಲೂ ಬಂದರೆ ಚೆನ್ನ ಅನ್ನಿಸಿತು.

ಅಲ್ಲಿ ಆಷಾಢದಲ್ಲಿ ಹೊತ್ತು ಬೇಗ ಮುಳುಗುವುದೇ ಇಲ್ಲ. ಸಂಜೆಯ ಮಗ್ರಿಬ್ ನಮಾಜಿಗೆ ಕಾಯುತ್ತಾ ಕಿಟಕಿಯ ಹತ್ತಿರ ಕೂತಿದ್ದಾಗ ಶಾಹೀನ್ ಸಭೆಯ ಪದ್ಧತಿ ಹೇಳಿದಳು.

"ಸಭಾ ಒಂದೇ ತಾಸು ನಾನಿ. ದೊಡ್ಡವರು ಸಾಲಾಗಿ ಕೂಡ್ತಾರ, ಒಬ್ಬೊಬ್ಬರು ಪ್ರಶ್ನೆ ಕೇಳ್ತಾರ, ನಾ ಜವಾಬು ಕೊಡಬೇಕು. ತಾಸು ಆದ ಕೂಡ್ಲೇ ಬೆಳ್ಳಿ ಕೋಲು ಹಿಡದು ಒಬ್ಬಾಕಿ ಒಳಗ ಬರ್ತಾಳ. 'ಹೊತ್ತಾತು' ಅಂತಾಳ. ಆಗ ಮಾತು ಬಾಯಾಗ ಇದ್ರೂ ನುಂಗಬೇಕು. ಅರ್ಧಕ್ಕ ನಿಲ್ಲಸಬೇಕು. ನೂರಾರು ವರ್ಷದ ಪದ್ಧತಿ."

"ಛಲೋ ಆತು ಬಿಡು. ಹೆಚ್ಚಿಗಿ ಕಾಡಂಗಿಲ್ಲ ನಿನಗ."

"ಕೊನಿ ಕುರ್ಚಿಯಾಗ ಬಿಳಿ ಕೂದಲಿನ ಮೇಡಂ ಇರ್ತಾರ. ಸಂಸ್ಕೃತದಾಗ ಭಾಳ ದೊಡ್ಡವರು. ಅವರು ಕೊನಿಗಿ ಮಾಸ್ತರ ಶ್ಲೋಕ ಓದಾಕ ಹೇಳ್ತಾರ. ಆಗ ಕಿವಿ ಕೊಟ್ಟು ಕೂಡು."

"ಕಿವಿ ಯಾಕ, ನನಗ ಕಣ್ಣು ಬೇಕು. ಯಾರು ನಗ್ತಾರ ನೋಡಬೇಕು ನಾ."

ಸಭೆಯ ದಿನ

ಹಸಿರು ರೇಷ್ಮೆ ಸೀರೆ ಉಟ್ಟು ಶಾಹೀನ್ ನಿಂತಳು. ನಾನು ಸುರಪುರದಿಂದ ಹತ್ತಿಯಲ್ಲಿ ಸುತ್ತಿ ತಂದ ಹಸಿರು ಗಾಜಿನ ಬಳೆ ನಾನೇ ಇಡಿಸಿದೆ. ಒಂದೂ ಒಡೆಯಲಿಲ್ಲ. ಅದೇ ಶಕುನ ಅಂದುಕೊಂಡೆ.

ಸಭೆಯ ಮನೆ ಹಳೆಯದು, ಎತ್ತರದ ಛಾವಣಿ, ಗೋಡೆ ತುಂಬ ಸತ್ತ ಪಂಡಿತರ ಚಿತ್ರ. ಉರುಸಿನಲ್ಲಿ ಸಂದಲಿನ ಮೆರವಣಿಗೆಯ ಮುಂದೆ ಬೆಳ್ಳಿಕೋಲು ಹಿಡಿದು ನಡೆಯುತ್ತಾರಲ್ಲ, ಹಾಗೆ ಒಬ್ಬ ಹೆಂಗಸು ಗೆಜ್ಜೆ ಕಟ್ಟಿದ ಕೋಲು ಹಿಡಿದು ಮುಂದೆ ಬಂದಳು. ಹಿಂದೆ ಕರಿ ನಿಲುವಂಗಿ, ಕರಿ ಟೋಪಿಯ ದೊಡ್ಡವರು. ನಡುವೆ ನನ್ನ ಶಾಹೀನ್, ಎಡಬಲಕ್ಕೆ ಇಬ್ಬರು ಗೆಳತಿಯರು, ಮದುಮಗಳನ್ನು ಕರೆತಂದ ಹಾಗೆ. ಎಲ್ಲರೂ ಎದ್ದು ನಿಂತೆವು. ಬಳೆಗಾರ್ತಿ ರಾಬಿಯಾಳ ಮೊಮ್ಮಗಳಿಗಾಗಿ ಆ ಜನ ಎದ್ದು ನಿಂತಿದ್ದರು! ನನ್ನ ಎದೆಯಲ್ಲಿ ಜಾಗ ಸಾಲಲಿಲ್ಲ.

ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಒಂದೂ ತಿಳಿಯದು. ಆದರೆ ಮುಖ ಓದುವುದು ಬಳೆಗಾರರಿಗೆ ಬರುತ್ತದೆ. ಕೈ ಹಿಂಡುವಾಗ ನೋವಾಯಿತೋ ಇಲ್ಲವೋ ಮುಖ ನೋಡಿಯೇ ತಿಳಿಯಬೇಕಲ್ಲ. ಮೊದಲಿನವನು ಸೌಮ್ಯ. ಎರಡನೆಯವಳು ಬಿಗಿ. ಮೂರನೆಯವನು, ಕೆಂಪು ಗಡ್ಡದವನು, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಚುಚ್ಚಿ ಚುಚ್ಚಿ ಕೇಳಿದ. ಶಾಹೀನ್ ಕೈಯ ಬಳೆ ಹಿಂದಕ್ಕೆ ಸರಿಸಿಕೊಂಡಳು.  ಆಮೇಲೆ ಮೆಲ್ಲಗೆ ಶುರು ಮಾಡಿದಳು, ಹಳೆಯ ಕಾಲದ ಯಾವುದೋ ಸಾಲು, ನಂತರದ್ದೊಂದು, ಆಮೇಲೆ ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿದಳು. ಸುರಪುರದ ಬಸ್ ಸ್ಟ್ಯಾಂಡು! ಅದರ ಮುಂದೆ ಕೊಡೆ ಹಿಡಿದ ನರಹರಿ ಮಾಸ್ತರು! "ಸುರಪುರ" ಎಂದು ಅವಳ ಬಾಯಿಂದ ಬಂತು. ಕೆಂಪು ಗಡ್ಡದವನು ಟೋಪಿ ತೆಗೆದು ಅವಳಿಗೆ ತಲೆ ಬಾಗಿಸಿದ. ಸೋತೆ ಅಂದ ಹಾಗೆ. ಕೂತ ಜನವೆಲ್ಲ ಮುಂದೆ ಬಗ್ಗಿ ಅವಳನ್ನೇ ನೋಡಿದರು.

ಇಷ್ಟು ಕಣ್ಣು! ಇಷ್ಟೊಂದು ಕಣ್ಣು ನನ್ನ ಕೂಸಿನ ಮೇಲೆ!

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಬೆಂಚುಗಳ ನಡುವೆ ಹಾದು ಅವಳ ಮುಂದೆ ಹೋಗಿ ನಿಂತಾಗಲೇ ನನಗೆ ಎಚ್ಚರ. ಆಗಲೇ ಕೈ ಅವಳ ತಲೆಯ ಮೇಲಿತ್ತು. ಇಳಿಸಿದೆ. ಮುರಿದೆ. ಆ ಎತ್ತರದ ಛಾವಣಿಗೆ ಸಪ್ಪಳ ಹೋಗಿ ತಿರುಗಿ ಬಂತು. ಮಾಸ್ತರ ಚಿತ್ರದ ಕಡೆ ತಿರುಗಿ ಅವರಿಗೂ ಒಮ್ಮೆ ತೆಗೆದೆ. ಅವರನ್ನು ಮಾತ್ರ ಯಾಕೆ ಬಿಡಬೇಕು?

 ಶಾಹೀನ್ ಒಂದು ಕಣ್ಣಲ್ಲಿ ನಕ್ಕಳು, ಒಂದು ಕಣ್ಣಲ್ಲಿ ಅತ್ತಳು. ನಡುವೆ ಕೂತ ಮುಖ್ಯಸ್ಥರು ಸಿಟ್ಟಾಗಲಿಲ್ಲ, ಏನೋ ಕೇಳಿದರು. ಶಾಹೀನ್ ನನ್ನ ಹೆಗಲು ಹಿಡಿದು ಹೇಳಿದಳು, ಇದು ನನ್ನ ನಾನಿ, ಇದು ಹೀಗೆ, ಇದರ ಅರ್ಥ ಹೀಗೆ. ಜನ ಚಪ್ಪಾಳೆ ಹೊಡೆದರು. ಕೆಂಪು ಗಡ್ಡದವನು ತನ್ನ ತಲೆಯ ಮೇಲೆ ತಾನೇ ಕೈಯಾಡಿಸಿ ಬೆರಳು ಮುರಿಯಲು ನೋಡಿದ, ಒಂದೂ ಸಪ್ಪಳ ಆಗಲಿಲ್ಲ. ಇಡೀ ಸಭೆ ನಕ್ಕಿತು. ಬಿಳಿ ಕೂದಲಿನ ಮೇಡಂ ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ನಾಚಿಕೆಯಾಗಿ, ಹೆಮ್ಮೆಯಾಗಿ, ಬಂದು ಕೂತೆ. ಪಕ್ಕದವರು ನನ್ನ ಬೆನ್ನು ತಟ್ಟಿದರು. ನಾನು ಅಷ್ಟು ಸಂತೋಷವಾಗಿ ಎಂದೂ ಇದ್ದವಳಲ್ಲ.

ಆಮೇಲೆ ಇನ್ನೊಬ್ಬರು ಕೇಳಿದರು. ಆಮೇಲೆ ಕೊನೆಯ ಕುರ್ಚಿ. ಬಿಳಿ ಕೂದಲಿನ ಮೇಡಂ ನಿಧಾನ, ಒಂದೊಂದು ಮಾತನ್ನೂ ಇಳಿಸಿ ಇಡುವವರು. ನಾನು ಸೀರೆ ಸರಿಮಾಡಿಕೊಂಡು ಆ ಸಾಲಿನಲ್ಲಿ ಕೂತವರ ಮುಖಗಳನ್ನೆಲ್ಲ ಕಣ್ಣಿಗೆ ಕಟ್ಟಿಕೊಂಡೆ. ಮೇಡಂ ಪುಸ್ತಕ ತೋರಿಸಿ ಏನೋ ಅಂದರು. ಶಾಹೀನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಪುಸ್ತಕ ತೆರೆದಳು. ಉಸಿರು ತಗೊಂಡಳು. ಒಂದು ಶಬ್ದ, ರಾಗವಾಗಿ, ಮಾಸ್ತರ ಕಟ್ಟೆಯ ಮೇಲೆ ಕೇಳಿದ ಅದೇ ರಾಗ, ಹೊರಗೆ ಬಂತು.

ಬಾಗಿಲು ತೆರೆಯಿತು. ಗೆಜ್ಜೆ ಸಪ್ಪಳ. ಕೋಲಿನವಳು ನೆಲಕ್ಕೆ ಕುಟ್ಟಿ ಎರಡು ಮಾತು ಅಂದಳು. ಎಲ್ಲರೂ ಎದ್ದರು. ಶಾಹೀನ್ ಬಾಯಿ ಮುಚ್ಚಿದಳು. ಪುಸ್ತಕವನ್ನೂ ಮುಚ್ಚಿದಳು.

"ತಡೀರಿ! ಅಕಿ ಇನ್ನ ಓದಿಲ್ರಿ!" ನಾನು ಕೂಗಿದೆ, ಕನ್ನಡದಲ್ಲಿ. ಕೋಲಿನವಳು ನನ್ನ ಕಡೆ ತಿರುಗಿ, ಇದೂ ಆಶೀರ್ವಾದವೇ ಇರಬೇಕೆಂದು ತಿಳಿದು, ಮುಗುಳ್ನಕ್ಕು ತಲೆ ಬಾಗಿಸಿದಳು. ದೊಡ್ಡವರು ಸಾಲಾಗಿ ಹೊರಗೆ ಹೋದರು.

ತಿರುಗಿ ಬಂದು ಅವಳಿಗೆ ಡಾಕ್ಟರ್ ಪದವಿ ಕೊಟ್ಟರು. ಕೆಂಪು ಮುದ್ರೆಯ ಉದ್ದದ ಕಾಗದ ಕೊಟ್ಟರು. ಆ ದೇಶದ ಪದ್ಧತಿಯಂತೆ ಬಂದವರೆಲ್ಲ ಸಾಲು ಹಚ್ಚಿ ನನಗೂ ಕೈ ಕೊಟ್ಟು ಮುಬಾರಕ್ ಹೇಳಿದರು. ಕೆಂಪು ಗಡ್ಡದವನು ಹೇಳಿದ. ಬಿಳಿ ಕೂದಲಿನ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ನಾನು ಎಲ್ಲರಿಗೂ ನಕ್ಕೆ. ಆದರೆ ಒಳಗೆ ಒಂದೇ ಲೆಕ್ಕ ನಡೆದಿತ್ತು. ಒಂದು ಶ್ಲೋಕ ಓದಲು ಎಷ್ಟು ಹೊತ್ತು ಬೇಕು? ನಾನು ಎದ್ದು ಹೋಗಿ ಬಂದು ಕೂತದ್ದಕ್ಕೆ ಎಷ್ಟು ಹೊತ್ತು ಹಿಡಿಯಿತು?

ಮರುದಿನ, ಅಡುಗೆ ಮನೆಯಲ್ಲಿ

ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೇಳಿಯೇಬಿಟ್ಟೆ.

"ನಾ ಎದ್ದು ಬರದಿದ್ರ ಶ್ಲೋಕ ಓದ್ತಿದ್ದೀ, ಹೌದಿಲ್ಲೋ?"

ಶಾಹೀನ್ ಚಹಾದ ಕಪ್ಪಿನೊಳಗೆ ನೋಡಿದಳು. ಅವಳು ಚಿಕ್ಕಂದಿನಿಂದ ನನಗೆ ಸುಳ್ಳು ಹೇಳಿದವಳಲ್ಲ.

"ಓದ್ತಿದ್ದೆ, ನಾನಿ."

ರೊಟ್ಟಿ ಹೊತ್ತಿತು. 

"ಆದ್ರ ನೀ ಬಂದಿದ್ದು ಛಲೋ ಆತು" ಅಂದಳು. "ಖರೇನ ಹೇಳ್ತೀನಿ. ಅವ ಗಡ್ಡದವ ಕೇಳಿದಾಗ ನನ್ನ ಕಾಲು ನಡಗಾಕತ್ತಿದ್ವು. ನಿನ್ನ ಕೈ ತಲಿ ಮ್ಯಾಲ ಬಂದ ಕೂಡ್ಲೇ ನಿಂತ್ವು."

"ಮಾಸ್ತರಿಗಿ ಏನ್ ಹೇಳ್ಲಿ?"

"ಪುಸ್ತಕದಾಗ ಅಚ್ಚಾಗ್ಯಾದಲ್ಲ. ಅಚ್ಚಾಗಿದ್ದು ಉಳೀತದ, ಓದಿದ್ದು ಗಾಳಿಗಿ ಹೋಗ್ತದ."

"ಅವರು ಉಳೀಲಿ ಅಂತ ಕೇಳಿಲ್ಲ. ನಗ್ತಾರೇನು ನೋಡು ಅಂದಾರ."

ಅವಳು ಚಹಾದ ಕಪ್ಪು ಕೆಳಗಿಟ್ಟಳು. ಅಲ್ಲೇ ಒಲೆಯ ಹತ್ತಿರ ನಿಂತು ನನಗಾಗಿ ಪೂರ್ತಿ ಶ್ಲೋಕ ಓದಿದಳು. ಚೆಂದ ಓದಿದಳು. ಆದರೆ ಕೇಳಿದವಳು ನಾನು, ಅರ್ಥ ಮೊದಲೇ ಗೊತ್ತಿದ್ದವಳು. ಅರ್ಥ ಹೇಳಿದ ಮೇಲಿನ ನಗು ನಗುವಲ್ಲ ಎಂದು ಮಾಸ್ತರೇ ಹೇಳಿದ್ದರು. ನನಗೆ ನಗುವೂ ಬರಲಿಲ್ಲ.

ಇನ್ನೂ ಕೆಲವು ದಿನ ಅಲ್ಲಿದ್ದೆ. ದೋಣಿಯಲ್ಲಿ ಕೂತೆ, ಗಾಳಿಗಿರಣಿ ನೋಡಿದೆ. ಸಭೆಯಲ್ಲಿದ್ದ ಯಾರೋ ಹಾದಿಯಲ್ಲಿ ಸಿಕ್ಕರೆ ನನ್ನ ಕಡೆ ನೋಡಿ ಎರಡೂ ಕೈ ತಲೆಯ ಹತ್ತಿರ ಹಿಡಿದು ನಗುತ್ತಿದ್ದರು. ನಾನು ಅಲ್ಲಿ ಹೆಸರಾಗಿದ್ದೆ. ಮಾಸ್ತರ ಹೆಸರಾಗಬೇಕಿದ್ದ ಜಾಗದಲ್ಲಿ.

ಮತ್ತೆ ಸುರಪುರ

ಊರಿಗೆ ಬಂದ ಮರುದಿನವೇ ಪುಸ್ತಕ ತಗೊಂಡು ಮಾಸ್ತರ ಮನೆಗೆ ಹೋದೆ. ಬಸ್ಸಿನ ಶ್ಲೋಕದ ಪುಟ ತೆರೆದು ಕೈಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಒಂದೊಂದೇ ಅಕ್ಷರ ಸವರಿದರು.

"ತಪ್ಪಿಲ್ಲ" ಅಂದರು. "ಒಂದೂ ತಪ್ಪಿಲ್ಲ. ಹುಡುಗಿ ಅಂದ್ರ ಹುಡುಗಿ." ಪುಸ್ತಕ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡಿದರು. "ನಕ್ಕರೇನು?"

ದಾರಿಯುದ್ದಕ್ಕೂ ನಾನು ಒಂದು ಉತ್ತರ ಇಟ್ಟುಕೊಂಡು ಬಂದಿದ್ದೆ. "ಭಾಳ ನಕ್ಕರು" ಎಂದರೆ ಸುಳ್ಳಾಗುತ್ತಿರಲಿಲ್ಲ. ಇಡೀ ಸಭೆ ನಕ್ಕಿತ್ತಲ್ಲ. ಅಷ್ಟು ಹೇಳಿ ಎದ್ದು ಬಂದಿದ್ದರೆ ಅವರು ಆ ರಾತ್ರಿ ಸುಖವಾಗಿ ಮಲಗುತ್ತಿದ್ದರು. ಆದರೆ ಆ ಮುದಿ ಮುಖ ಮುಂದೆ ಬಗ್ಗಿ ಕಾಯುತ್ತಿತ್ತು. ಆಗಲಿಲ್ಲ ನನ್ನಿಂದ.

"ನಕ್ಕರು ಮಾಸ್ತರ, ಆದ್ರ ನನ್ನ ನೋಡಿ ನಕ್ಕರು. ನಿಮ್ಮ ಶ್ಲೋಕ ಓದಾಕ ಆಗ್ಲಿಲ್ರಿ." ಎಲ್ಲವನ್ನೂ ಹೇಳಿದೆ. ಚಿತ್ರದಲ್ಲಿದ್ದ ಅವರಿಗೂ ದೃಷ್ಟಿ ತೆಗೆದದ್ದನ್ನೂ ಬಿಡಲಿಲ್ಲ.

ಮಾಸ್ತರು ಪುಸ್ತಕದ ಅಂಚು ಸವರುತ್ತಾ ಕೇಳಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

"ನನಗೂ ತಗದ್ಯಾ ದೃಷ್ಟಿ? ರಾಬಿಯಾಬಿ, ಇಷ್ಟು ವರ್ಷ ಬರದೀನಿ, ಒಬ್ಬರರೆ ಕಣ್ಣೆತ್ತಿ ನೋಡಿಲ್ಲ. ನೋಡದವರ ದೃಷ್ಟಿ ಎಲ್ಲಿಂದ ತಗಲಬೇಕವ್ವ ನನಗ?"

ನಗಿಸಲಿಕ್ಕೆ ಹೇಳಿದರು. ನಾನು ನಗಬೇಕಿತ್ತು.

ಅವರೇ ಮತ್ತೆ ಕೇಳಿದರು. "ಆ ಬಿಳಿ ಕೂದಲಿನಾಕಿ ಮೊದಲೇ ಪುಸ್ತಕದಾಗ ಓದಿರಬೇಕಲ್ಲ. ಓದಿದಾಗ ನಕ್ಕಿದ್ರೇನು?"

 ಆ ಮೇಡಂ ಅಲ್ಲಿ ನನ್ನ ಎರಡೂ ಕೈ ಹಿಡಿದು ನಿಂತಿದ್ದರು. ಪಕ್ಕದಲ್ಲೇ ಶಾಹೀನ್ ಇದ್ದಳು. ಒಂದು ಮಾತು ಕೇಳಿಸಿದ್ದರೆ ಆಗುತ್ತಿತ್ತು. ನಾನು ನನ್ನ ತಪ್ಪಿನ ಲೆಕ್ಕದಲ್ಲೇ ಮುಳುಗಿದ್ದೆ, ಕೇಳಬೇಕೆಂದು ಹೊಳೆಯಲೇ ಇಲ್ಲ.

"ಶಾಹೀನಗ ಫೋನ್ ಮಾಡಿ ಕೇಳಸ್ತೀನ್ರಿ ಮಾಸ್ತರ, ಈಗೇ..."

"ಬ್ಯಾಡ" ಅಂದರು. ಗಟ್ಟಿಯಾಗಿಯೇ ಅಂದರು. "ನಕ್ಕಿದ್ರೇನು ಅಂತ ಕೇಳಿದ್ರ ಯಾರು ಇಲ್ಲ ಅಂತಾರ? ಅದು ಕೇಳಿ ಇಸಗೊಳ್ಳೋದಲ್ಲ."

ಪುಸ್ತಕ ಮುಚ್ಚಿ ಪಕ್ಕಕ್ಕೆ ಇಟ್ಟರು. ನನ್ನ ಮುಖ ನೋಡಿದರು. ನಾನು ಸೆರಗಿನ ಅಂಚು ಹಿಂಡುತ್ತಿದ್ದೆ. ಆಗ ಅವರು, ದನದ ಮೇಲೆ ಎಂದೂ ಆಸಕ್ತಿ ಇಲ್ಲದವರು, ಬಹಳ ದೊಡ್ಡ ವಿಷಯ ಕೇಳುವವರ ಹಾಗೆ ಕಾಲು ಮಡಚಿ ಕೂತು ಕೇಳಿದರು.

"ಅದಿರಲಿ. ಹಾಲೆಂಡಿನಾಗ ಆಕಳ ಭಾಳ ಛಲೋ ಇರ್ತಾವಂತಲ್ಲ, ಹ್ಯಾಂಗ ಅದಾವ?"

ನಾನು ಹೇಳಿದೆ. ಕರಿ ಬಿಳಿ ಮಚ್ಚೆಯವು ಮಾಸ್ತರ, ಕೊರಳಿಗೆ ಹಗ್ಗ ಇಲ್ಲ, ಮಳೆಯಲ್ಲೇ ನಿಂತು ಮೇಯುತ್ತವೆ, ಕಾಯುವವರಿಲ್ಲ. ಹ್ಞೂಂ ಅಂದರು. ಹಾಲು ಎಷ್ಟು ಕೊಡ್ತಾವ, ಅಂದರು. ಹಾಯುತ್ತವೋ, ಅಂದರು. ನಾನು ರೈಲಿನ ಕಿಟಕಿಯಿಂದ ಕಂಡ ಆಕಳೆಲ್ಲ ಮುಗಿದು ಹೋದವು. ಅವರು ಇನ್ನೂ ಹ್ಞೂಂ ಅನ್ನುತ್ತಲೇ ಇದ್ದರು. ಎದ್ದು ಬರುವ ಧೈರ್ಯ ನನಗಾಗಲಿಲ್ಲ. ಹೊತ್ತು ಮುಳುಗುವ ತನಕ, ಕಾಣದ ಆಕಳನ್ನೂ ಸೇರಿಸಿ ಸೇರಿಸಿ ಹೇಳುತ್ತಾ ಕೂತೆ.